ಕಣ್ಣಿಗೆ ಎಷ್ಟು ಸಾಕು? ವಿಡಿಯೊ ಆಯ್ಕೆಗಳ ಒಂದು ಹೋಲಿಕೆ

ಟಿವಿ ಅಂಗಡಿಯಲ್ಲಿ ಫುಲ್ ಎಚ್‌ಡಿ ಟಿವಿಯನ್ನೂ 4ಕೆ ಟಿವಿಯನ್ನೂ ಅಕ್ಕಪಕ್ಕ ಇಟ್ಟು ತೋರಿಸುವಾಗ ಗಿರಾಕಿ ನಿಂತಿರುವುದು ಪರದೆಯಿಂದ ಎರಡು ಮೂರು ಅಡಿ ದೂರದಲ್ಲಿ. ಕೊಂಡು ತಂದ ಮೇಲೆ ಅದೇ ಟಿವಿಯನ್ನು ನೋಡುವುದು ಎಂಟು ಒಂಬತ್ತು ಅಡಿ ಆಚೆ, ಎದುರು ಗೋಡೆಗೆ ತಾಗಿಸಿಟ್ಟ ಸೋಫಾದ ಮೇಲೆ ಕುಳಿತು. ಅಂಗಡಿಯಲ್ಲಿ ಕಂಡ ವ್ಯತ್ಯಾಸ ಸುಳ್ಳಲ್ಲ. ಆದರೆ ಆ ವ್ಯತ್ಯಾಸಕ್ಕೆ ತೆತ್ತ ಹಣ ಮನೆಯಲ್ಲಿ ಕಣ್ಣಿಗೆ ಬೀಳುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ವಿಡಿಯೊ ಚಿತ್ರೀಕರಿಸುವವರಿಗೆ, ಅದನ್ನು ಕುಗ್ಗಿಸಿ ಅಂತರ್ಜಾಲಕ್ಕೆ ಏರಿಸುವವರಿಗೆ, ನೋಡಲು ಪರದೆ ಕೊಳ್ಳುವವರಿಗೆ ಎದುರಾಗುವ ಆಯ್ಕೆಗಳನ್ನು ಇಲ್ಲಿ ಯಂತ್ರದ ಕಡೆಯಿಂದ ನೋಡದೆ ಕಣ್ಣಿನ ಕಡೆಯಿಂದ ಹೋಲಿಸಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಬಳಸಿಕೊಂಡಿರುವುದು ಯಕ್ಷಗಾನದ ಆಟ, ಶಾಲೆಯ ಪಾಠ ಮತ್ತು ಕ್ರಿಕೆಟ್ ಪಂದ್ಯ. ಈ ಮೂರೂ ಕಣ್ಣಿನಿಂದ ಮೂರು ಬಗೆಯ ಕೆಲಸವನ್ನು ಬೇಡುವುದರಿಂದ ಒಂದಕ್ಕೆ ಹೊಂದಿದ ಆಯ್ಕೆ ಇನ್ನೊಂದಕ್ಕೆ ಹೊಂದುವುದಿಲ್ಲ.

ಮೊದಲಿಗೆ ಒಂದು ಲೆಕ್ಕ. ಫುಲ್ ಎಚ್‌ಡಿ ಚಿತ್ರವೊಂದರಲ್ಲಿ 1920 × 1080, ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳು (ಚಿತ್ರದ ಬಿಡಿ ಚುಕ್ಕಿಗಳು) ಇರುತ್ತವೆ, 4ಕೆಯಲ್ಲಿ ಅದರ ನಾಲ್ಕರಷ್ಟು. ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಪಿಕ್ಸೆಲ್‌ಗೆ ಸರಾಸರಿ 12 ಬಿಟ್ ಎಂದು ಹಿಡಿದರೆ ಸೆಕೆಂಡಿಗೆ 622 ಮೆಗಾಬಿಟ್ ಆಗುತ್ತದೆ. ಅದೇ ಚಿತ್ರ ನಮ್ಮ ಫೋನಿಗೆ 5 ಮೆಗಾಬಿಟ್‌ನಲ್ಲಿ ಬಂದು ತಲಪುತ್ತದೆ, ನೋಡಿದವರು ಚೆನ್ನಾಗಿದೆ ಎನ್ನುತ್ತಾರೆ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ದಾರಿಯಲ್ಲೇ ಕಳೆದುಹೋಗಿದ್ದರೂ ಯಾರಿಗೂ ಕೊರತೆ ಕಾಣುವುದಿಲ್ಲ. ಅದರಲ್ಲಿ ಒಂದಷ್ಟು ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬದಲಾಗದೆ ಉಳಿಯುವ ಹಿನ್ನೆಲೆ, ಅದನ್ನು ಮತ್ತೆ ಮತ್ತೆ ಕಳಿಸುವ ಅಗತ್ಯವಿಲ್ಲ. ಉಳಿದದ್ದು ಕಣ್ಣು ಕೇಳದೇ ಇದ್ದ ವಿವರ. ಕಣ್ಣು ಸ್ವತಃ ಹೀಗೆಯೇ ಕೆಲಸ ಮಾಡುತ್ತದೆ. ಅಕ್ಷಿಪಟಲದಲ್ಲಿ ಸುಮಾರು 12 ಕೋಟಿ ದಂಡಕೋಶಗಳೂ 60 ಲಕ್ಷ ಶಂಕುಕೋಶಗಳೂ ಇದ್ದರೆ, ಅಲ್ಲಿಂದ ಮಿದುಳಿಗೆ ಹೋಗುವ ದೃಷ್ಟಿನರದಲ್ಲಿರುವುದು ಸುಮಾರು ಹತ್ತು ಲಕ್ಷ ತಂತುಗಳು ಮಾತ್ರ. ಏನನ್ನು ಕಳಿಸಬೇಕು, ಏನನ್ನು ಬಿಡಬೇಕು ಎಂಬ ಆಯ್ಕೆ ಕಣ್ಣಿನೊಳಗೇ ನಡೆದುಹೋಗಿರುತ್ತದೆ. ವಿಡಿಯೊ ವ್ಯವಸ್ಥೆಯ ಪ್ರತಿಯೊಂದು ಸೆಟ್ಟಿಂಗ್ ಆ ಆಯ್ಕೆಯನ್ನು ಊಹಿಸುವ ಪ್ರಯತ್ನ. ಊಹೆ ನಮ್ಮ ನೋಡುಗರಿಗೆ ಒಪ್ಪುತ್ತದೆಯೇ ಎಂದು ನೋಡುವುದಷ್ಟೇ ಆರಿಸುವವರ ಕೆಲಸ.

ಮೊದಲು ದೂರ, ಆಮೇಲೆ ಪಿಕ್ಸೆಲ್

ಕಣ್ಣಿನ ಆಸ್ಪತ್ರೆಯ ಅಕ್ಷರದ ಚಾರ್ಟ್ ಎಲ್ಲರಿಗೂ ಪರಿಚಿತ. 1862ರಲ್ಲಿ ನೆದರ್‌ಲ್ಯಾಂಡ್ಸಿನ ವೈದ್ಯ ಹರ್ಮನ್ ಸ್ನೆಲೆನ್ ರೂಪಿಸಿದ ಆ ಚಾರ್ಟಿನಲ್ಲಿ 6/6 ಸಾಲಿನ ಅಕ್ಷರದ ಒಂದೊಂದು ಗೀಟಿನ ದಪ್ಪ, ಆರು ಮೀಟರ್ ದೂರದಿಂದ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನವನ್ನು ಮಾಡುತ್ತದೆ. ಸಾಧಾರಣ ಆರೋಗ್ಯದ ಕಣ್ಣು ಬಿಡಿಸಿ ನೋಡಬಲ್ಲ ಅಳತೆ ಇದು. ಪರದೆಯ ಒಂದು ಪಿಕ್ಸೆಲ್ ಇದಕ್ಕಿಂತ ಚಿಕ್ಕ ಕೋನದಲ್ಲಿ ಕಂಡರೆ, ಅದನ್ನು ಇನ್ನೂ ನಾಲ್ಕು ತುಂಡು ಮಾಡಿ ಕೊಟ್ಟರೂ ಕಣ್ಣಿಗೆ ಹೆಚ್ಚೇನೂ ದಕ್ಕುವುದಿಲ್ಲ.

ಇದನ್ನು ಮನೆಯ ಅಳತೆಗೆ ಇಳಿಸುವುದು ಸುಲಭ. ಕುಳಿತುಕೊಳ್ಳುವ ದೂರ ಚಿತ್ರದ ಎತ್ತರದ 3.2 ಪಟ್ಟು ಇದ್ದರೆ ಫುಲ್ ಎಚ್‌ಡಿಯ ಪಿಕ್ಸೆಲ್ ಈ ಮಿತಿಗೆ ಸರಿಯಾಗಿ ಬಂದು ನಿಲ್ಲುತ್ತದೆ. 4ಕೆಗೆ ಇದೇ ಲೆಕ್ಕ 1.6 ಪಟ್ಟು, 720 ಸಾಲಿನ ಎಚ್‌ಡಿಗೆ 4.8 ಪಟ್ಟು. 43 ಇಂಚಿನ ಟಿವಿಯ ಎತ್ತರ ಸುಮಾರು 54 ಸೆಂಟಿಮೀಟರ್ ಆದ್ದರಿಂದ ಐದೂವರೆ ಅಡಿಗಿಂತ ಆಚೆ ಕುಳಿತವರಿಗೆ ಫುಲ್ ಎಚ್‌ಡಿಯೇ ಸಾಕು. 55 ಇಂಚಿಗೆ ಈ ಗೆರೆ ಏಳು ಅಡಿಯ ಹತ್ತಿರ, 65 ಇಂಚಿಗೆ ಎಂಟೂವರೆ ಅಡಿಯ ಹತ್ತಿರ ಬರುತ್ತದೆ. ಆ ಗೆರೆಯ ಒಳಗೆ ಕುಳಿತರೆ 4ಕೆಯಿಂದ ಲಾಭವಿದೆ, ಹೊರಗೆ ಕುಳಿತರೆ ಲಾಭ ಬೇಗನೆ ಕರಗುತ್ತದೆ. ಎಂಟು ಅಡಿ ದೂರದ ಸೋಫಾಕ್ಕೆ 43 ಇಂಚಿನ 4ಕೆ ಟಿವಿಯನ್ನು ಪಿಕ್ಸೆಲ್ ಎಣಿಕೆಗಾಗಿಯೇ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ದುಂದು. ಅದೇ ಹಣದಲ್ಲಿ ಕಪ್ಪು ನಿಜವಾಗಿ ಕಪ್ಪಾಗಿ ಕಾಣುವ ಪ್ಯಾನೆಲ್ ಸಿಕ್ಕರೆ ಅದು ಇಡೀ ಕೋಣೆಗೆ ಗೊತ್ತಾಗುತ್ತದೆ. ಅಂಗಡಿಯಲ್ಲಿ 4ಕೆ ಟಿವಿ ಚೆನ್ನಾಗಿ ಕಂಡದ್ದಕ್ಕೆ ಎಷ್ಟೋ ಸಲ ಕಾರಣ ಪಿಕ್ಸೆಲ್ ಅಲ್ಲವೇ ಅಲ್ಲ, ಆ ಮಾದರಿಗೆ ಹಾಕಿದ ಉತ್ತಮ ಪ್ಯಾನೆಲ್.

ಫೋನಿನಲ್ಲಿ ನೋಡುವವರ ಲೆಕ್ಕ ಇನ್ನೂ ಸರಳ. ಆರೂವರೆ ಇಂಚಿನ ಫೋನನ್ನು ಅಡ್ಡ ಹಿಡಿದಾಗ ಚಿತ್ರದ ಎತ್ತರ ಏಳು ಸೆಂಟಿಮೀಟರ್‌ಗೂ ಕಡಿಮೆ. ಮೂವತ್ತು ಸೆಂಟಿಮೀಟರ್ ದೂರದಿಂದ ನೋಡಿದರೆ ಸುಮಾರು 780 ಸಾಲುಗಳಿಗಿಂತ ಹೆಚ್ಚಿನದು ಕಣ್ಣಿಗೆ ಉಪಯೋಗವಿಲ್ಲ. ಡೇಟಾ ಉಳಿಸಲು 720ಕ್ಕೆ ಇಳಿಸಿದವರು ಬಹುತೇಕ ಏನನ್ನೂ ಕಳೆದುಕೊಳ್ಳುವುದಿಲ್ಲ; 480ಕ್ಕೆ ಇಳಿಸಿದವರಿಗೆ ಮಾತ್ರ ಮುಖದ ನವಿರು, ಅಕ್ಷರದ ಅಂಚು ಮಬ್ಬಾಗಿ ಕಾಣುತ್ತದೆ.

ಈ ಲೆಕ್ಕಕ್ಕೆ ಎರಡು ತಿದ್ದುಪಡಿಗಳಿವೆ. ಎಳೆಯರ ಕಣ್ಣು 6/6ಕ್ಕಿಂತ ಚುರುಕಾಗಿರುವುದು ಅಪರೂಪವಲ್ಲ ಎಂಬುದು ಒಂದು. ಎರಡನೆಯದು, ಎರಡು ಗೀಟುಗಳು ಒಂದೇ ನೇರದಲ್ಲಿವೆಯೇ, ತುಸು ಜರುಗಿವೆಯೇ ಎಂದು ಗುರುತಿಸುವುದರಲ್ಲಿ ಕಣ್ಣು ಈ ಮಿತಿಯನ್ನು ಬಹಳ ಮೀರಿಸುತ್ತದೆ. ವರ್ನಿಯರ್ ಕ್ಯಾಲಿಪರ್ಸಿನಲ್ಲಿ ಗೆರೆಗೆ ಗೆರೆ ಹೊಂದಿಸಿ ಓದಲು ನಮಗೆ ಸಾಧ್ಯವಾಗುವುದು ಇದರಿಂದಲೇ. ಓರೆ ಗೆರೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುವ ದೋಷ, ಪಿಕ್ಸೆಲ್ ಒಂದೊಂದಾಗಿ ಕಾಣದಷ್ಟು ದೂರದಲ್ಲೂ ಕಣ್ಣಿಗೆ ಚುಚ್ಚುವುದು ಅದೇ ಕಾರಣಕ್ಕೆ. ಆದ್ದರಿಂದ ದುಂಡನೆಯ ಅಕ್ಷರಗಳು ತುಂಬಿದ ಪರದೆಗೆ ಸ್ವಲ್ಪ ಹೆಚ್ಚಿನ ರೆಸಲ್ಯೂಶನ್ ಕೊಡುವುದು ತಪ್ಪಲ್ಲ.

ಪಾಠದ ವಿಡಿಯೊ ಮಾಡುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇಂಗ್ಲಿಷ್ ಸ್ಲೈಡಿಗೆ ಸಾಕಾಗುವ ಅಕ್ಷರದ ಗಾತ್ರ ಕನ್ನಡಕ್ಕೆ ಸಾಲುವುದಿಲ್ಲ. ದ ಮತ್ತು ಧ ನಡುವೆ ಇರುವ ವ್ಯತ್ಯಾಸ ಹೊಟ್ಟೆ ಸೀಳಿದ ಒಂದು ಚಿಕ್ಕ ಗೀಟು. ಥ ಆಗಬೇಕಾದರೆ ಅದರೊಳಗೆ ಒಂದು ಚುಕ್ಕಿಯೂ ಬೇಕು. 'ಸ್ವಾತಂತ್ರ್ಯ' ಎಂಬ ಪದದ ಕೊನೆಯಲ್ಲಿ ಮುಖ್ಯ ಅಕ್ಷರಕ್ಕೆ ಎರಡು ಒತ್ತುಗಳು ಜೋತುಬಿದ್ದಿವೆ, ಒಂದೊಂದರ ಗಾತ್ರವೂ ಮೂಲ ಅಕ್ಷರದ ಅರ್ಧಕ್ಕಿಂತ ಕಡಿಮೆ. ನಾನು ಪಾಲಿಸುವ ಕ್ರಮವೆಂದರೆ, ನೋಡುಗರ ಫೋನಿಗೆ ಇಳಿಸಿದ ಮೇಲೂ ಒತ್ತಕ್ಷರಕ್ಕೆ ಎಂಟು ಹತ್ತು ಪಿಕ್ಸೆಲ್ ಎತ್ತರ ಉಳಿಯುವಷ್ಟು ದೊಡ್ಡದಾಗಿ ಬರೆಯುವುದು. ಪಾಠವನ್ನು 4ಕೆಯಲ್ಲಿ ಕೊಡುವುದಕ್ಕಿಂತ, ಒಂದು ಸ್ಲೈಡಿನಲ್ಲಿ ಹನ್ನೆರಡು ಸಾಲು ತುರುಕುವ ಬದಲು ಆರು ಸಾಲು ಬರೆಯುವುದು ಹೆಚ್ಚು ಉಪಕಾರಿ.

ಹೊಳಪಿಗೆ ಪೂರ್ತಿ, ಬಣ್ಣಕ್ಕೆ ಕಾಲು

ವಿಡಿಯೊದ ಇತಿಹಾಸದಲ್ಲಿ ಕಣ್ಣಿನ ದೌರ್ಬಲ್ಯವನ್ನು ಇಷ್ಟು ಧೈರ್ಯವಾಗಿ ಬಳಸಿಕೊಂಡ ಇನ್ನೊಂದು ಉಪಾಯವಿಲ್ಲ ಎನ್ನಬಹುದು. ನವಿರಾದ ವಿವರವನ್ನು ಕಣ್ಣು ಗುರುತಿಸುವುದು ಬೆಳಕು ನೆರಳಿನ ವ್ಯತ್ಯಾಸದಿಂದ. ಬರೀ ಬಣ್ಣದ ವ್ಯತ್ಯಾಸವನ್ನು ಅದು ದಪ್ಪ ಕುಂಚದಲ್ಲಿ ಬಳಿದಂತೆ ಮಾತ್ರ ಗ್ರಹಿಸುತ್ತದೆ. 1953ರಲ್ಲಿ ಅಮೆರಿಕ ಬಣ್ಣದ ಟಿವಿಗೆ ಒಪ್ಪಿದ ಮಾನದಂಡದಲ್ಲಿ ಹೊಳಪಿನ ಸಂಕೇತಕ್ಕೆ 4.2 ಮೆಗಾಹರ್ಟ್ಸ್ ಮೀಸಲಿಟ್ಟರೆ, ಬಣ್ಣದ ಎರಡು ಸಂಕೇತಗಳಲ್ಲಿ ಒಂದಕ್ಕೆ ಸುಮಾರು 1.3, ಇನ್ನೊಂದಕ್ಕೆ ಸುಮಾರು 0.5 ಮೆಗಾಹರ್ಟ್ಸ್ ಮಾತ್ರ ಕೊಟ್ಟರು. ಹೆಚ್ಚು ಪಾಲು ಪಡೆದದ್ದು ಕಿತ್ತಳೆ ಮತ್ತು ಹಸಿರು-ನೀಲಿಯ ನಡುವಿನ ಎಳೆ, ಏಕೆಂದರೆ ಮನುಷ್ಯರ ಮೈಬಣ್ಣ ಅದರ ಮೇಲೆಯೇ ಬರುತ್ತದೆ, ಅಲ್ಲಿ ಕಣ್ಣು ಹೆಚ್ಚು ಸೂಕ್ಷ್ಮ. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ವರ್ಷ ನಮ್ಮ ಮನೆಗಳಿಗೆ ಬಣ್ಣ ತಂದ ದೂರದರ್ಶನ ಆರಿಸಿಕೊಂಡದ್ದು ಜರ್ಮನಿಯಲ್ಲಿ ಹುಟ್ಟಿದ ಪಾಲ್ ಪದ್ಧತಿಯನ್ನು. ಬಣ್ಣಕ್ಕೆ ಕಡಿಮೆ ಪಾಲು ಎಂಬ ತತ್ತ್ವ ಅದರಲ್ಲೂ ಹಾಗೆಯೇ ಉಳಿಯಿತು.

ಇಂದಿನ ಡಿಜಿಟಲ್ ವಿಡಿಯೊದಲ್ಲಿ ಇದು 4:4:4, 4:2:2, 4:2:0 ಎಂಬ ಮೂರು ಆಯ್ಕೆಗಳಾಗಿ ಎದುರಾಗುತ್ತದೆ. ಮೊದಲನೆಯದರಲ್ಲಿ ಪ್ರತಿ ಪಿಕ್ಸೆಲ್‌ಗೂ ಹೊಳಪು, ಬಣ್ಣ ಎರಡೂ ಇರುತ್ತವೆ. ಎರಡನೆಯದರಲ್ಲಿ ಅಡ್ಡಲಾಗಿ ಎರಡು ಪಿಕ್ಸೆಲ್‌ಗಳು ಒಂದು ಬಣ್ಣವನ್ನು ಹಂಚಿಕೊಳ್ಳುತ್ತವೆ. ಮೂರನೆಯದರಲ್ಲಿ ಎರಡು ಅಡ್ಡ, ಎರಡು ಉದ್ದ, ಹೀಗೆ ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ಬಣ್ಣ. ಒಟ್ಟು ಮಾಹಿತಿ ಅಲ್ಲಿಗೇ ಅರ್ಧಕ್ಕೆ ಇಳಿಯುತ್ತದೆ. ಅಂತರ್ಜಾಲದಲ್ಲಿ, ಕೇಬಲ್‌ನಲ್ಲಿ, ಫೋನಿನ ಕ್ಯಾಮೆರಾದಲ್ಲಿ ನಾವು ನೋಡುವುದು ಹೆಚ್ಚುಕಡಿಮೆ ಎಲ್ಲವೂ ಈ ಮೂರನೆಯ ಬಗೆ.

ಎಲ್ಲಿ ಇದು ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಯಕ್ಷಗಾನದ ತೆಂಕುತಿಟ್ಟಿನ ಬಣ್ಣದ ವೇಷದ ಮುಖದಲ್ಲಿ ನೋಡಬಹುದು. ಅಕ್ಕಿಹಿಟ್ಟಿನ ಚುಟ್ಟಿಯ ಬಿಳಿ ಮುಳ್ಳುಗಳು ಕಪ್ಪು ಕೆಂಪಿನ ನಡುವೆ ಸಾಲಾಗಿ ಎದ್ದು ನಿಂತಿರುತ್ತವೆ. ಅಷ್ಟು ನವಿರಾದ ಕೆಲಸ 4:2:0ರಲ್ಲಿ ಹಾಳಾಗಬೇಕಿತ್ತು ಎಂದು ಅನ್ನಿಸುತ್ತದೆ, ಆದರೆ ಹಾಳಾಗುವುದಿಲ್ಲ. ಬಿಳಿಗೂ ಕಪ್ಪಿಗೂ ಇರುವುದು ಹೊಳಪಿನ ವ್ಯತ್ಯಾಸ, ಹೊಳಪು ಪೂರ್ತಿಯಾಗಿ ಉಳಿದಿದೆ. ವೇಷದ ಬಟ್ಟೆಯ ಕೆಂಪು ಹಳದಿ ಚೌಕುಳಿಯೂ ಬದುಕುತ್ತದೆ, ಏಕೆಂದರೆ ಎಚ್‌ಡಿ ಮಾನದಂಡದಲ್ಲಿ ಹೊಳಪಿನ ಲೆಕ್ಕಕ್ಕೆ ಹಸಿರಿನ ಪಾಲು ನೂರರಲ್ಲಿ ಸುಮಾರು 72, ಕೆಂಪಿನ ಪಾಲು 21, ನೀಲಿಯ ಪಾಲು 7 ಮಾತ್ರ. ಕೆಂಪು ಹಸಿರು ಸೇರಿದ ಹಳದಿ ಹೆಚ್ಚುಕಡಿಮೆ ಬಿಳಿಯಷ್ಟೇ ಹೊಳೆಯುತ್ತದೆ, ಕೆಂಪು ಅದರ ಪಕ್ಕದಲ್ಲಿ ಕಪ್ಪಾಗಿ ನಿಲ್ಲುತ್ತದೆ. ಹಾಳಾಗುವುದು ಕಡುನೀಲಿ ಬಟ್ಟೆಯ ಮೇಲಿನ ಸಣ್ಣ ಕೆಂಪು ಅಂಚು. ಎರಡೂ ಮಂದ, ಎರಡರ ನಡುವಿನ ವ್ಯತ್ಯಾಸವೆಲ್ಲ ಬಣ್ಣದಲ್ಲೇ ಇದೆ. ಆದ್ದರಿಂದ ಅಂಚು ಕದಡಿ ಪಕ್ಕದ ಬಟ್ಟೆಗೆ ಹರಿಯುತ್ತದೆ.

ಪ್ರಸಂಗದ ಹೆಸರನ್ನು, ಭಾಗವತರ ಹೆಸರನ್ನು ಪರದೆಯ ಕೆಳಗೆ ಕೆಂಪು ಅಕ್ಷರದಲ್ಲಿ, ನೀಲಿ ಪಟ್ಟಿಯ ಮೇಲೆ ಹಾಕುವ ಅಭ್ಯಾಸವನ್ನು ಬಿಡಬೇಕೆಂದು ನಾನು ಹೇಳುವುದು ಇದಕ್ಕೇ. ಇದು ರುಚಿಯ ಮಾತಲ್ಲ. ಅದೇ ಪಟ್ಟಿಯ ಮೇಲೆ ಹಳದಿ ಅಥವಾ ಬಿಳಿ ಅಕ್ಷರ ಹಾಕಿದರೆ ಒಂದು ಬಿಟ್ ಹೆಚ್ಚು ಖರ್ಚಿಲ್ಲದೆ ಒತ್ತಕ್ಷರಗಳು ಸ್ಪಷ್ಟವಾಗುತ್ತವೆ. ಇನ್ನುಳಿದ ಆಯ್ಕೆಗಳ ವಿಚಾರ ಚಿಕ್ಕದು. ಹಸಿರು ಪರದೆಯ ಮುಂದೆ ಚಿತ್ರೀಕರಿಸಿ ಹಿನ್ನೆಲೆ ಬದಲಿಸುವವರಿಗೆ ಬಣ್ಣದ ಅಂಚೇ ಕತ್ತರಿ ಆಡುವ ಗೆರೆ, ಅವರಿಗೆ 4:2:2 ಬೇಕು. ಟಿವಿಯನ್ನು ಕಂಪ್ಯೂಟರ್ ಮಾನಿಟರ್ ಆಗಿ ಬಳಸುವವರು ಟಿವಿಯ ಸೆಟ್ಟಿಂಗಿನಲ್ಲಿ 4:4:4 ಅಥವಾ ಪಿಸಿ ಮೋಡ್ ಆರಿಸಬೇಕು, ಇಲ್ಲದಿದ್ದರೆ ಬಣ್ಣದ ಅಕ್ಷರಗಳೆಲ್ಲ ನೀರು ಬಿದ್ದ ಶಾಯಿಯಂತೆ ಕಾಣುತ್ತವೆ. ಬೇರೆಲ್ಲರಿಗೂ 4:2:0 ಸಾಕು.

25, 50, 60

ಚಲನೆಯ ವಿಷಯದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಬಿಡಿ ಚಿತ್ರಗಳ ಸರಣಿ ಚಲನೆಯಾಗಿ ಕಾಣಲು ಎಷ್ಟು ಫ್ರೇಮ್ ಬೇಕು ಎಂಬುದು ಒಂದು. ಬೆಳಕು ಮಿಣುಕದಂತೆ ಕಾಣಲು ಸೆಕೆಂಡಿಗೆ ಎಷ್ಟು ಸಲ ಬೆಳಗಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇಪ್ಪತ್ತರ ಆಸುಪಾಸು ಸಾಕು, ಎರಡನೆಯದಕ್ಕೆ ಐವತ್ತು ಅರವತ್ತಾದರೂ ಬೇಕು, ಪರದೆ ಪ್ರಖರವಾದಷ್ಟೂ ಇನ್ನೂ ಹೆಚ್ಚು. ಸಿನಿಮಾ ಟಾಕೀಸಿನ ಹಳೆಯ ಪ್ರೊಜೆಕ್ಟರುಗಳು 24 ಫ್ರೇಮ್‌ಗಳನ್ನೇ ಓಡಿಸುತ್ತಿದ್ದರೂ ಶಟರಿನ ರೆಕ್ಕೆಗಳಿಂದ ಪ್ರತಿ ಫ್ರೇಮನ್ನು ಎರಡು ಅಥವಾ ಮೂರು ಸಲ ಬೆಳಗಿಸಿ 48 ಅಥವಾ 72 ಸಲದ ಬೆಳಕನ್ನು ಕೊಡುತ್ತಿದ್ದದ್ದು ಈ ಎರಡನ್ನೂ ಬೇರ್ಪಡಿಸಿ ಅರ್ಥ ಮಾಡಿಕೊಂಡದ್ದರಿಂದ. ಹಳೆಯ ಟಿವಿಯ ಉಪಾಯ ಇನ್ನೊಂದು ಬಗೆಯದು: 625 ಗೆರೆಗಳಲ್ಲಿ ಬೆಸ ಗೆರೆಗಳನ್ನು ಒಮ್ಮೆ, ಸರಿ ಗೆರೆಗಳನ್ನು ಒಮ್ಮೆ ಬರೆದು, 25 ಚಿತ್ರಗಳನ್ನೇ 50 ಸಲ ಬೆಳಗಿಸುತ್ತಿತ್ತು.

ಕ್ರಿಕೆಟ್ಟಿಗೆ 25 ಮತ್ತು 50ರ ಹೋಲಿಕೆ ಮಾಡಿ ನೋಡೋಣ. ಗಂಟೆಗೆ 140 ಕಿಲೋಮೀಟರ್ ವೇಗದ ಎಸೆತ ಸೆಕೆಂಡಿಗೆ ಸುಮಾರು 39 ಮೀಟರ್ ಸಾಗುತ್ತದೆ. 25 ಫ್ರೇಮ್‌ನಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಚೆಂಡು ಒಂದೂವರೆ ಮೀಟರ್ ಜಿಗಿದಿರುತ್ತದೆ. ಬೌಲರ್ ಕೈಯಿಂದ ಬ್ಯಾಟಿಗೆ ಬರುವ ಅರ್ಧ ಸೆಕೆಂಡಿನಲ್ಲಿ ಹನ್ನೆರಡು ಹದಿಮೂರು ಚಿತ್ರಗಳು ಮಾತ್ರ. 50 ಫ್ರೇಮ್‌ನಲ್ಲಿ ಆ ಜಿಗಿತ ಮುಕ್ಕಾಲು ಮೀಟರ್‌ಗೆ ಇಳಿಯುತ್ತದೆ, ಚೆಂಡು ಎಲ್ಲಿ ಪುಟಿಯಿತು ಎಂಬುದು ಕಣ್ಣಿಗೆ ಸಿಗುತ್ತದೆ. ಚಲಿಸುವ ವಸ್ತುವನ್ನು ಕಣ್ಣು ಹಿಂಬಾಲಿಸುತ್ತದೆ ಎಂಬುದೂ ಇಲ್ಲಿ ಮುಖ್ಯ. ಕಣ್ಣು ನಯವಾಗಿ ಜಾರುತ್ತಿರುವಾಗ ಎಲ್‌ಸಿಡಿ ಅಥವಾ ಓಎಲ್‌ಇಡಿ ಪರದೆ ಪ್ರತಿ ಚಿತ್ರವನ್ನು ಮುಂದಿನದು ಬರುವವರೆಗೆ ಅಲ್ಲಾಡಿಸದೆ ಹಿಡಿದಿಟ್ಟಿರುತ್ತದೆ. ಜಾರುವ ಕಣ್ಣಿನ ಮೇಲೆ ನಿಂತ ಚಿತ್ರ ಉಜ್ಜಿದಂತಾಗಿ ಮಸುಕಾಗುತ್ತದೆ. ಎರಡು ಸೆಕೆಂಡಿನಲ್ಲಿ ಪರದೆಯನ್ನು ದಾಟುವ ಆಟಗಾರ 50 ಫ್ರೇಮ್‌ನಲ್ಲಿ ಸುಮಾರು 19 ಪಿಕ್ಸೆಲ್‌ನಷ್ಟು ಮಸುಕಾದರೆ 25ರಲ್ಲಿ ಅದರ ಎರಡರಷ್ಟು. ಓಟವನ್ನು 4ಕೆ, 25 ಫ್ರೇಮ್‌ನಲ್ಲಿ ಸೆರೆಹಿಡಿಯುವವರು ನಿಂತ ಚಿತ್ರದಲ್ಲಿ ಗಳಿಸಿದ ನವಿರನ್ನು ಓಡುವ ಚಿತ್ರದಲ್ಲಿ ಹೀಗೆ ಸೋರಿಸಿಕೊಳ್ಳುತ್ತಾರೆ. ಕ್ರಿಕೆಟ್, ಕಬಡ್ಡಿ, ಯಕ್ಷಗಾನದ ದಿಗಿಣ (ಸುತ್ತುತ್ತ ಜಿಗಿಯುವ ಕುಣಿತ) ಇವಕ್ಕೆಲ್ಲ ಫುಲ್ ಎಚ್‌ಡಿ, 50 ಫ್ರೇಮ್ ಎಂಬುದೇ ನನ್ನ ಆಯ್ಕೆ. ಪಾಠಕ್ಕೆ, ಸಂದರ್ಶನಕ್ಕೆ, ತಾಳಮದ್ದಳೆಗೆ 25 ಸಾಕು.

ಹಾಗಾದರೆ 50ರ ಬದಲು 60 ಇನ್ನೂ ಒಳ್ಳೆಯದಲ್ಲವೇ? ಹಗಲಿನ ಬೆಳಕಿನಲ್ಲಿ ಹೌದು. ರಾತ್ರಿಯ ಆಟಕ್ಕೆ ಇದನ್ನೇ ನಂಬಿ ನಾನು ಕೈಸುಟ್ಟುಕೊಂಡಿದ್ದೇನೆ. ಊರ ಬಯಲಾಟವೊಂದನ್ನು ಫೋನಿನಲ್ಲಿ 60 ಫ್ರೇಮ್ ಇಟ್ಟು ಚಿತ್ರೀಕರಿಸಿ, ಮರುದಿನ ಹಾಕಿ ನೋಡಿದರೆ ಇಡೀ ರಂಗಸ್ಥಳ ಮಿಣುಕುತ್ತಿತ್ತು, ಬಿಳಿ ಹಿಂಪರದೆಯ ಮೇಲೆ ಮಬ್ಬು ಪಟ್ಟಿಗಳು ಮೇಲಿಂದ ಕೆಳಕ್ಕೆ ಹರಿಯುತ್ತಿದ್ದವು. ಆಟ ನೋಡುತ್ತಿದ್ದಾಗ ಅಲ್ಲಿದ್ದ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿಯೂ ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಅಷ್ಟು ವೇಗದ ಏರಿಳಿತವನ್ನು ಕಣ್ಣು ನುಂಗಿಬಿಡುತ್ತದೆ. ಆದರೆ ಸೆಕೆಂಡಿಗೆ 60 ಸಲ ಮಾತ್ರ ನೋಡುವ ಕ್ಯಾಮೆರಾದಲ್ಲಿ ಆ 100ರ ಏರಿಳಿತ 20ರ ಏರಿಳಿತವಾಗಿ ವೇಷ ಬದಲಿಸಿಕೊಳ್ಳುತ್ತದೆ, 30 ಫ್ರೇಮ್ ಇಟ್ಟರೆ 10ರದ್ದಾಗಿ. ಕಣ್ಣು ಮಿಣುಕನ್ನು ಅತ್ಯಂತ ತೀಕ್ಷ್ಣವಾಗಿ ಗುರುತಿಸುವುದು ಸೆಕೆಂಡಿಗೆ 10ರಿಂದ 20ರ ಆಸುಪಾಸಿನಲ್ಲೇ. ಕಣ್ಣಿಗೆ ಕಾಣದ ದೋಷವನ್ನು ಯಂತ್ರ ಎತ್ತಿ ತಂದು ಕಣ್ಣಿಗೆ ಹೆಚ್ಚು ಕಾಣುವ ಜಾಗದಲ್ಲೇ ಇಟ್ಟಂತಾಯಿತು. 25 ಅಥವಾ 50 ಫ್ರೇಮ್‌ನಲ್ಲಿ ಈ ತೊಂದರೆ ಇಲ್ಲ, ನೂರನ್ನು ಅವು ನಿಶ್ಶೇಷವಾಗಿ ಭಾಗಿಸುತ್ತವೆ. ಫೋನಿನಲ್ಲಿ 60 ಬಿಟ್ಟು ಬೇರೆ ಆಯ್ಕೆ ಇಲ್ಲದಿದ್ದರೆ ಶಟರ್ ವೇಗವನ್ನು 1/100 ಸೆಕೆಂಡಿಗೆ ಕಟ್ಟಬೇಕು, 30 ಆದರೆ 1/50 ಅಥವಾ 1/100ಕ್ಕೆ. ಆಗ ಪ್ರತಿ ಫ್ರೇಮಿಗೂ ಬೆಳಕಿನ ಪೂರ್ತಿ ಏರಿಳಿತ ಸಿಕ್ಕಿ ಚಿತ್ರ ಸಮನಾಗುತ್ತದೆ.

ಕತ್ತಲೆಯ ಮೆಟ್ಟಿಲುಗಳು

ಬೆಳಕಿನಲ್ಲಿ ಸುಮಾರು ನೂರಕ್ಕೆ ಒಂದರಷ್ಟು ವ್ಯತ್ಯಾಸವಾದರೆ ಕಣ್ಣಿಗೆ ಗೊತ್ತಾಗುತ್ತದೆ. ಎಷ್ಟು ಹೆಚ್ಚಾಯಿತು ಎನ್ನುವುದಕ್ಕಿಂತ ಇದ್ದುದರ ಎಷ್ಟು ಪಾಲು ಹೆಚ್ಚಾಯಿತು ಎಂಬುದು ಅದಕ್ಕೆ ಮುಖ್ಯ. 8 ಬಿಟ್‌ನ 256 ಮಟ್ಟಗಳನ್ನು ಬೆಳಕಿಗೆ ನೇರವಾಗಿ ಹಂಚಿದರೆ 200ರಿಂದ 201ಕ್ಕೆ ಏರುವುದು ಅರ್ಧ ಶೇಕಡ, 20ರಿಂದ 21ಕ್ಕೆ ಏರುವುದು 5 ಶೇಕಡ: ಪ್ರಕಾಶದಲ್ಲಿ ಮಟ್ಟಗಳು ವ್ಯರ್ಥ, ನೆರಳಿನಲ್ಲಿ ಮೆಟ್ಟಿಲುಗಳು. ಆದ್ದರಿಂದ ಎಲ್ಲ ವಿಡಿಯೊ ಪದ್ಧತಿಗಳೂ ಗಾಮಾ ಎಂಬ ಬಾಗಿದ ಅಳತೆಗೋಲಿನಿಂದ ನೆರಳಿಗೆ ಹೆಚ್ಚು ಮಟ್ಟಗಳನ್ನು ಕೊಡುತ್ತವೆ. ಹಳೆಯ ಪಿಕ್ಚರ್ ಟ್ಯೂಬಿನ ಸ್ವಭಾವವೂ ಕಣ್ಣಿನ ಸ್ವಭಾವವೂ ಹೆಚ್ಚುಕಡಿಮೆ ಒಂದಕ್ಕೊಂದು ಹೊಂದಿದ್ದದ್ದು ಎಂಜಿನಿಯರುಗಳ ಪಾಲಿನ ಅದೃಷ್ಟ.

ಇಷ್ಟಾದರೂ ಮಲ್ಪೆಯ ಸಂಜೆಯ ಆಕಾಶದಂತಹ ನಯವಾದ ಇಳಿಜಾರಿನಲ್ಲಿ 8 ಬಿಟ್ ಚಿತ್ರ ಪಟ್ಟೆ ಪಟ್ಟೆಯಾಗುತ್ತದೆ, ಮತ್ತು ಕಣ್ಣು ಆ ಪಟ್ಟೆಗಳ ಅಂಚನ್ನು ಇರುವುದಕ್ಕಿಂತ ದೊಡ್ಡದು ಮಾಡಿ ತೋರಿಸುತ್ತದೆ. 1865ರಲ್ಲಿ ಅರ್ನ್‌ಸ್ಟ್ ಮಾಖ್ ವಿವರಿಸಿದ ಈ ಭ್ರಮೆಗೆ ಅವರ ಹೆಸರೇ ಉಳಿದಿದೆ. 10 ಬಿಟ್‌ನ 1024 ಮಟ್ಟಗಳು ಇದಕ್ಕೆ ಸಾಕಾಗುತ್ತವೆ. ಆಕಾಶ, ಮಂಜು, ದೀಪದ ಬೆಳಕು ಇರುವ ಚಿತ್ರೀಕರಣಕ್ಕೆ, ಆಮೇಲೆ ಬಣ್ಣ ತಿದ್ದುವ ಉದ್ದೇಶವಿದ್ದರೆ, 10 ಬಿಟ್ ಆರಿಸುವುದು ಒಳ್ಳೆಯದು. ಕಪ್ಪುಹಲಗೆಯ ಪಾಠಕ್ಕೆ ಬೇಕಿಲ್ಲ.

ಕಡುಗಪ್ಪಿನಿಂದ ಪ್ರಖರ ಬೆಳಕಿನವರೆಗಿನ ಹರವನ್ನು ಹಿಗ್ಗಿಸುವ ಎಚ್‌ಡಿಆರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2014ರಲ್ಲಿ ಮಾನದಂಡವಾದ ಪಿಕ್ಯೂ ಅಳತೆಗೋಲು 10,000 ನಿಟ್ಸ್‌ವರೆಗಿನ (ನಿಟ್ ಎಂದರೆ ಪರದೆಯ ಹೊಳಪಿನ ಅಳತೆ) ಬೆಳಕನ್ನು ಕಣ್ಣಿನ ಸೂಕ್ಷ್ಮತೆಗೆ ಅನುಗುಣವಾಗಿಯೇ ಹಂಚುತ್ತದೆ. ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ ಸೇರಿ ರೂಪಿಸಿದ ಎಚ್‌ಎಲ್‌ಜಿ ಎಂಬ ಇನ್ನೊಂದು ಅಳತೆಗೋಲು ಹಳೆಯ ಟಿವಿಗಳಲ್ಲೂ ಒಪ್ಪುವಂತೆ ಕಾಣುವುದರಿಂದ ಪ್ರಸಾರಕ್ಕೆ ಅನುಕೂಲ. ಆದರೆ 300 ನಿಟ್ಸ್ ಮಾತ್ರ ಬೆಳಗುವ ಪರದೆಯ ಮೇಲೆ, ಕಿಟಕಿಯಿಂದ ಬಿಸಿಲು ಬೀಳುವ ಕೋಣೆಯಲ್ಲಿ, ಎಚ್‌ಡಿಆರ್ ಎಂಬ ಮುದ್ರೆಯಿಂದ ಪ್ರಯೋಜನವಿಲ್ಲ. ಎಷ್ಟೋ ಸಲ ಚಿತ್ರ ಇನ್ನೂ ಮಂಕಾಗಿ ಕಾಣುತ್ತದೆ.

ಹೆಚ್ಚು ಪಿಕ್ಸೆಲ್ಲೋ, ಹೆಚ್ಚು ಬಿಟ್ಟೋ

ಡೇಟಾ ಮಿತಿ ಒಂದೇ ಆಗಿದ್ದರೆ 4ಕೆ ಚಿತ್ರವನ್ನು ಹಿಂಡಿ ಕಳಿಸಬೇಕೇ, ಫುಲ್ ಎಚ್‌ಡಿಯನ್ನು ಧಾರಾಳವಾಗಿ ಕಳಿಸಬೇಕೇ ಎಂಬುದು ನನಗೆ ಅತಿ ಹೆಚ್ಚು ಎದುರಾಗುವ ಪ್ರಶ್ನೆ. ಉತ್ತರಕ್ಕೆ ಚಿತ್ರವನ್ನು ಹಿಂಡುವ ಬಗೆ ಗೊತ್ತಿರಬೇಕು. ಅದರ ಬೇರು ಡಿಸಿಟಿ ಎಂಬ ಗಣಿತದಲ್ಲಿದೆ. ಅದನ್ನು ಕಂಡುಹಿಡಿದ ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 1961ರಲ್ಲಿ ಇಲ್ಲಿನ ಯುವಿಸಿಇ (ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು) ಯಲ್ಲಿ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದವರು. 1972ರಲ್ಲಿ ಈ ಸಂಶೋಧನೆಗಾಗಿ ಅವರು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಸಲ್ಲಿಸಿದ ಅರ್ಜಿಗೆ ಹಣ ಸಿಗಲಿಲ್ಲ, 1974ರಲ್ಲಿ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆಗೆ ಅದನ್ನು ಪ್ರಕಟಿಸಿದರು. ಇಂದು ಫೋನಿಗೆ ಬರುವ ಹೆಚ್ಚುಕಡಿಮೆ ಪ್ರತಿಯೊಂದು ವಿಡಿಯೊ ಅದರ ಯಾವುದೋ ಒಂದು ರೂಪವನ್ನು ಹಾದು ಬಂದಿರುತ್ತದೆ.

ಡಿಸಿಟಿ ಚಿತ್ರದ ಒಂದು ಚೌಕವನ್ನು ದಪ್ಪ ಏರಿಳಿತಗಳಾಗಿ, ನವಿರು ಏರಿಳಿತಗಳಾಗಿ ಬೇರ್ಪಡಿಸುತ್ತದೆ. ಬೇರ್ಪಡಿಸುವುದು ಬರೀ ಗಣಿತ. ಯಾವುದನ್ನು ಕಡೆಗಣಿಸಬೇಕು ಎಂಬ ನಿರ್ಧಾರದಲ್ಲಿ ಕಣ್ಣು ಪ್ರವೇಶಿಸುತ್ತದೆ. ಒಂದು ಡಿಗ್ರಿಯಲ್ಲಿ ಮೂರರಿಂದ ಐದು ಸಲ ಏರಿಳಿಯುವ ಪಟ್ಟೆಗಳಿಗೆ ಕಣ್ಣು ಅತ್ಯಂತ ಸೂಕ್ಷ್ಮ, ಅದಕ್ಕಿಂತ ನವಿರಾದಂತೆ ಸೂಕ್ಷ್ಮತೆ ಬೇಗ ಕುಸಿಯುತ್ತದೆ. ಫೋಟೊ ಕುಗ್ಗಿಸುವ 1992ರ ಜೆಪೆಗ್ ಮಾನದಂಡದ ಜೊತೆ ಉದಾಹರಣೆಗೆಂದು ಕೊಟ್ಟ 64 ಸಂಖ್ಯೆಗಳ ಕೋಷ್ಟಕದ ಮೇಲಿನ ಎಡ ಮೂಲೆಯಲ್ಲಿ 16, ಕೆಳಗಿನ ಬಲ ಮೂಲೆಯಲ್ಲಿ 99 ಇದೆ. ದಪ್ಪ ವಿವರವನ್ನು 16ರಿಂದ, ಅತಿ ನವಿರನ್ನು 99ರಿಂದ ಭಾಗಿಸಿ ಪೂರ್ಣಾಂಕಕ್ಕೆ ಇಳಿಸು ಎಂದು ಅದರ ಅರ್ಥ. ಕಣ್ಣಿನ ಕುಸಿತವನ್ನೇ ಅಂಕಿಗಳಲ್ಲಿ ಬರೆದಿಟ್ಟ ಹಾಗಿದೆ ಆ ಕೋಷ್ಟಕ.

ಬಿಟ್ ಸಾಲದೇ ಹೋದಾಗ ಚೌಕಗಳ ಗಡಿ ಬಯಲಾಗುತ್ತದೆ. ಎಂಟು ಪಿಕ್ಸೆಲ್‌ನ ಚೌಕ, ಒಂದು ಡಿಗ್ರಿಗೆ 60 ಪಿಕ್ಸೆಲ್ ಕಾಣುವ ದೂರದಿಂದ, ಡಿಗ್ರಿಗೆ ಏಳೂವರೆ ಸಲ ಮರುಕಳಿಸುತ್ತದೆ. ಅರ್ಧ ದೂರಕ್ಕೆ ಬಂದರೆ ನಾಲ್ಕು ಸಲಕ್ಕೆ ಸ್ವಲ್ಪ ಕಡಿಮೆ, ಅಂದರೆ ಕಣ್ಣು ಅತಿ ಸೂಕ್ಷ್ಮವಾಗಿರುವ ಜಾಗಕ್ಕೇ ಸರಿಯಾಗಿ. ಜೊತೆಗೆ ಚೌಕದ ಗಡಿ ನೇರವಾದ ಗೆರೆ, ಗೆರೆ ಹುಡುಕುವುದರಲ್ಲಿ ಕಣ್ಣು ಎಷ್ಟು ಚುರುಕು ಎಂಬುದನ್ನು ಮೇಲೆ ನೋಡಿದೆವು. ತುಸು ಮೃದುವಾದ ಚಿತ್ರವನ್ನು ನೋಡುಗ ಕ್ಷಮಿಸುತ್ತಾನೆ, ಚೌಕಗಳು ಕುಣಿಯುವ ಚಿತ್ರವನ್ನು ಕ್ಷಮಿಸುವುದಿಲ್ಲ. ಆದ್ದರಿಂದ ಮಿತಿ ಬಿಗಿಯಾಗಿದ್ದರೆ ಮೊದಲು ಪಿಕ್ಸೆಲ್ ಇಳಿಸಿ, ಬಿಟ್ ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ. 4ಕೆಯಲ್ಲಿ ಚಿತ್ರೀಕರಿಸಿ ಬೇಕಾದಷ್ಟನ್ನು ಕತ್ತರಿಸಿ ಫುಲ್ ಎಚ್‌ಡಿಯಾಗಿ ಕೊಡುವುದು ಬೇರೆ ಮಾತು, ಅದು ಜಾಣತನ.

ಕೋಡೆಕ್‌ಗಳಲ್ಲಿ, ಅಂದರೆ ಹೀಗೆ ಹಿಂಡಿ ಮತ್ತೆ ಬಿಡಿಸುವ ಪದ್ಧತಿಗಳಲ್ಲಿ, 2003ರ ಎಚ್.264 ಎಲ್ಲ ಹಳೆಯ ಫೋನಿನಲ್ಲೂ ಓಡುತ್ತದೆ. 2013ರ ಎಚ್‌ಇವಿಸಿ, 2018ರ ಎವಿ1 ಅದೇ ಗುಣಮಟ್ಟವನ್ನು ಕಡಿಮೆ ಬಿಟ್‌ನಲ್ಲಿ ಕೊಡುತ್ತವೆ, ಆದರೆ ಅದಕ್ಕೆಂದೇ ಚಿಪ್ ಇಲ್ಲದ ಫೋನಿನಲ್ಲಿ ಬ್ಯಾಟರಿಯನ್ನು ತಿನ್ನುತ್ತವೆ. ಊರಿನ ಹಿರಿಯರಿಗೆ ವಾಟ್ಸಾಪಿನಲ್ಲಿ ಕಳಿಸಬೇಕಾದ್ದಕ್ಕೆ ಎಚ್.264 ಬಿಟ್ಟು ಬೇರೆ ಯೋಚಿಸಬೇಡಿ. ಎನ್‌ಕೋಡರಿನಲ್ಲಿ (ಚಿತ್ರವನ್ನು ಹಿಂಡುವ ಸಾಧನದಲ್ಲಿ) ಸ್ಥಿರ ಬಿಟ್‌ರೇಟ್, ಸ್ಥಿರ ಗುಣಮಟ್ಟ ಎಂಬ ಎರಡು ಆಯ್ಕೆಗಳಿದ್ದರೆ ಎರಡನೆಯದನ್ನು ಆರಿಸಿ. ಸುಮ್ಮನೆ ನಿಂತ ದೃಶ್ಯದಲ್ಲಿ ಅದು ಬಿಟ್‌ಗಳನ್ನು ಉಳಿಸಿ, ಕುಣಿತದಲ್ಲಿ ಖರ್ಚು ಮಾಡುತ್ತದೆ.

ಅಳೆಯುವುದು ಹೇಗೆ

ಎರಡು ಸೆಟ್ಟಿಂಗ್‌ಗಳ ನಡುವೆ ಯಾವುದು ಮೇಲು ಎಂದು ಅಂಕಿಯಿಂದ ತೀರ್ಮಾನಿಸುವವರಿಗೆ ಮೂರು ಅಳತೆಗಳು ಸಿಗುತ್ತವೆ. ಪಿಎಸ್‌ಎನ್‌ಆರ್ ಪಿಕ್ಸೆಲ್‌ಗೆ ಪಿಕ್ಸೆಲ್ ಹೋಲಿಸಿ ತಪ್ಪುಗಳನ್ನು ಕೂಡಿಸುತ್ತದೆ. ತಪ್ಪು ಎಲೆಗಳ ಗೊಂದಲದಲ್ಲಿ ಅಡಗಿದೆಯೇ, ಮುಖದ ಕೆನ್ನೆಯ ಮೇಲಿದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. 2004ರ ಎಸ್‌ಎಸ್‌ಐಎಂ ಸುತ್ತಲಿನ ರಚನೆಯನ್ನು ಗಮನಿಸುತ್ತದೆ. 2016ರಲ್ಲಿ ನೆಟ್‌ಫ್ಲಿಕ್ಸ್ ಮುಕ್ತವಾಗಿ ಬಿಡುಗಡೆ ಮಾಡಿದ ವಿಮ್ಯಾಫ್ ಮನುಷ್ಯರು ಕೊಟ್ಟ ಅಂಕಗಳಿಂದ ಕಲಿತದ್ದು, ಮೂರರಲ್ಲಿ ಹೆಚ್ಚು ನಂಬಬಹುದಾದದ್ದು. ಆದರೂ ಕತ್ತಲೆಯ ಪಟ್ಟೆಗಳನ್ನು ಅದೂ ಸರಿಯಾಗಿ ಹಿಡಿಯುವುದಿಲ್ಲ. ನಾನು ವಿಮ್ಯಾಫ್ ಅಂಕಿಯನ್ನು ಆಯ್ಕೆಗಳನ್ನು ಎರಡು ಮೂರಕ್ಕೆ ಇಳಿಸಲು ಮಾತ್ರ ಬಳಸಿ, ಆಮೇಲೆ ಅವನ್ನು ನೋಡುಗರು ನೋಡುವಂಥದೇ ಫೋನಿನಲ್ಲಿ, ಹಗಲು ಒಮ್ಮೆ, ದೀಪ ಆರಿಸಿದ ಕೋಣೆಯಲ್ಲಿ ಒಮ್ಮೆ ಹಾಕಿ ನೋಡುತ್ತೇನೆ.

ಆಟದ ವಿಡಿಯೊ ಆದರೆ ಇನ್ನೊಂದು ಪರೀಕ್ಷೆ ಉಂಟು: ಚೆಂಡೆಯ ಕೋಲು ತಾಗುವ ಫ್ರೇಮೂ ಪೆಟ್ಟಿನ ಸದ್ದೂ ಹೊಂದುತ್ತವೆಯೇ ಎಂಬುದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂಚೆ ಬಂದರೆ ಜನಕ್ಕೆ ಗೊತ್ತಾಗುತ್ತದೆ, ತಡವಾಗಿ ಬಂದರೆ 125 ಮಿಲಿಸೆಕೆಂಡ್‌ವರೆಗೂ ಗೊತ್ತಾಗುವುದಿಲ್ಲ. ದೂರದ ಸದ್ದು ತಡವಾಗಿಯೇ ಬರುತ್ತದೆ ಎಂಬುದು ನಮಗೆ ಹುಟ್ಟಿನಿಂದ ಅಭ್ಯಾಸ. ರಂಗಸ್ಥಳದಿಂದ ಮೂವತ್ತು ಮೀಟರ್ ಹಿಂದೆ ಕುಳಿತವರಿಗೆ ಚೆಂಡೆ ಕೇಳುವುದು ಪೆಟ್ಟು ಬಿದ್ದು ಸುಮಾರು 90 ಮಿಲಿಸೆಕೆಂಡ್ ಆದ ಮೇಲೆ. ಧ್ವನಿಯನ್ನು ಕ್ಯಾಮೆರಾದ ಮೈಕಿನಿಂದ ಪಡೆದರೆ ಈ ತಡ ತಾನಾಗಿ ಒಳಗೆ ಬಂದಿರುತ್ತದೆ, ಯಾರಿಗೂ ತೊಂದರೆ ಇಲ್ಲ. ನೇರ ಪ್ರಸಾರಕ್ಕೆಂದು ಮಿಕ್ಸರಿನಿಂದ ವಯರು ಎಳೆದು ಧ್ವನಿ ಪಡೆದರೆ ಅದು ತಕ್ಷಣ ಬರುತ್ತದೆ, ಚಿತ್ರ ಮಾತ್ರ ಕ್ಯಾಮೆರಾ, ಎನ್‌ಕೋಡರ್ ದಾಟುವಷ್ಟರಲ್ಲಿ ಹಿಂದೆ ಬಿದ್ದು, ಕೋಲು ತಾಗುವ ಮೊದಲೇ ಸದ್ದು ಕೇಳಿಸುತ್ತದೆ. ಅಲ್ಲಿ ಧ್ವನಿಗೆ ಮೂರು ನಾಲ್ಕು ಫ್ರೇಮಿನಷ್ಟು ತಡ ಕೊಟ್ಟು, ಕೋಲನ್ನೇ ನೋಡುತ್ತ ಒಂದೊಂದು ಫ್ರೇಮ್ ಹಿಂದೆ ಮುಂದೆ ಸರಿಸಿ ಹೊಂದಿಸಬೇಕು.